ನ್ಯೂರೋಸರ್ಜನ್ ಹತ್ತಿರ ಯಾವಾಗ ಓಡಬೇಕು, ಯಾವಾಗ ಕಾಯಬಹುದು

ನ್ಯೂರೋಸರ್ಜನ್ ಅಂದರೆ ಮಿದುಳು, ಬೆನ್ನುಹುರಿ, ನರಗಳ ಆಪರೇಷನ್ ಮಾಡುವ ಡಾಕ್ಟರು. ಎಂಆರ್‌ಐ ರಿಪೋರ್ಟಿನಲ್ಲಿ ಡಿಸ್ಕ್ ಬಲ್ಜ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ ಅಂತ ಕಂಡರೆ ಆಪರೇಷನ್ ಮಾಡಿಸಲೇಬೇಕು ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಹಾಗೇನಿಲ್ಲ. ಬೆನ್ನುನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದ ಹಲವು ಅಧ್ಯಯನಗಳನ್ನು 2015ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. 20ರ ವಯಸ್ಸಿನವರಲ್ಲೇ ನೂರಕ್ಕೆ ಸುಮಾರು 30 ಜನರಿಗೆ, 80ರ ವಯಸ್ಸಿನವರಲ್ಲಿ ನೂರಕ್ಕೆ 84 ಜನರಿಗೆ ಡಿಸ್ಕ್ ಉಬ್ಬಿತ್ತು. ಇಷ್ಟಾದರೂ ಅವರಿಗೆ ನೋವಿರಲಿಲ್ಲ. ಆದ್ದರಿಂದ ಮೊದಲು ನೋಡಬೇಕಾದ್ದು ರೋಗಿಯ ಕೈಕಾಲನ್ನು, ಆಮೇಲೆ ಫಿಲ್ಮನ್ನು.

ಸೊಂಟದಿಂದ ಕಾಲಿಗೆ ಎಳೆಯುವ ನೋವು ಸಾಮಾನ್ಯವಾಗಿ ಬೆನ್ನಿನ ತೀರಾ ಕೆಳಗಿನ ಎರಡು ಡಿಸ್ಕುಗಳಾದ ಎಲ್4-ಎಲ್5 ಅಥವಾ ಎಲ್5-ಎಸ್1ನದ್ದು. ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರದಲ್ಲಿ ಮಾತ್ರೆ, ಫಿಸಿಯೋಥೆರಪಿ, ಸ್ವಲ್ಪ ಓಡಾಟದಲ್ಲೇ ಇಳಿಯುತ್ತದೆ. ವಾರಗಟ್ಟಲೆ ಮಲಗಿದರೆ ಬೇಗ ವಾಸಿಯಾಗುತ್ತೆ ಅನ್ನೋದು ಹಳೇ ಮಾತು, ಈಗಿನ ಡಾಕ್ಟರುಗಳು ಹಾಗೆ ಹೇಳುವುದಿಲ್ಲ. ನೋವು ತಡೆಯೋ ಹಾಗಿದ್ದರೆ, ಕಾಲಿನ ಶಕ್ತಿ ಸರಿಯಿದ್ದರೆ, ಕಾಯಬಹುದು.

ಕಾಯಬಾರದ್ದು ಯಾವಾಗ ಅಂದರೆ: ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಾಗದೆ ಹೋದರೆ, ಮಲದ ಹಿಡಿತ ತಪ್ಪಿದರೆ, ಸೈಕಲ್ ಸೀಟು ತಾಗುವ ಜಾಗದಲ್ಲಿ ಮರಗಟ್ಟಿದರೆ, ಎರಡೂ ಕಾಲು ಸೋಲುತ್ತಿದ್ದರೆ. ಬೆನ್ನುಹುರಿ ಮುಗಿದ ಮೇಲೆ ಕೆಳಗಿಳಿಯುವ ನರಗಳ ಗೊಂಚಲು ಅಮುಕಿಹೋದಾಗ ಹೀಗಾಗುತ್ತದೆ. ಇದಕ್ಕೆ ಹೆಸರು ಕಾಡಾ ಈಕ್ವಿನಾ ಸಿಂಡ್ರೋಮ್. ಇದರಲ್ಲಿ ಲೆಕ್ಕ ಗಂಟೆಗಳದ್ದು. ಮೂತ್ರದ ವಿಷಯ ಹೇಳಿಕೊಳ್ಳೋಕೆ ನಾಚಿಕೆಪಟ್ಟು, ಅದರಲ್ಲೂ ಹೆಂಗಸರು, ನಾಳೆ ನೋಡೋಣ ಅಂತ ಸುಮ್ಮನಾಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅವತ್ತೇ ರಾತ್ರಿ ಹೋಗಿ. ಬೆನ್ನುನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಯೋದು ಇದ್ದರೆ ಬೆನ್ನುಮೂಳೆಯ ಟಿಬಿ ಇರಬಹುದು. ಮೊದಲು ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬೆನ್ನುನೋವು ಬಂದರೂ ಬೇಗ ತೋರಿಸಬೇಕು.

ಕತ್ತಿನದ್ದು ಇನ್ನೂ ಮೋಸದ ವಿಷಯ, ಯಾಕಂದರೆ ಅಲ್ಲಿ ಬೆನ್ನುಹುರಿಯೇ ಅಮುಕುತ್ತಿದ್ದರೂ ಎಷ್ಟೋ ಸಲ ನೋವೇ ಇರುವುದಿಲ್ಲ. ಇಷ್ಟು ವರ್ಷ ಸರಾಗವಾಗಿ ಹೂ ಕಟ್ಟುತ್ತಿದ್ದ ಅಮ್ಮನ ಬೆರಳು ದಾರದ ಗಂಟು ಹಾಕೋಕೆ ತಡವರಿಸುತ್ತದೆ. ಅನ್ನ ಕಲಸುವಾಗ ತುತ್ತು ಸಡಿಲವಾಗುತ್ತೆ. ಶರ್ಟಿನ ಗುಂಡಿ ಹಾಕೋಕೆ ಹೊತ್ತು ಹಿಡಿಯುತ್ತೆ. ನಡೆಯುವಾಗ ಕಾಲು ಬಿಗಿ, ಚಪ್ಪಲಿ ಜಾರಿ ಹಿಂದೆ ಉಳಿದದ್ದು ಗೊತ್ತೇ ಆಗೋದಿಲ್ಲ. ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ: ಹತ್ತು ಸೆಕೆಂಡಿನಲ್ಲಿ ಮುಷ್ಟಿ ಪೂರ್ತಿ ಬಿಗಿದು ಪೂರ್ತಿ ಬಿಡಿಸೋದು ಎಷ್ಟು ಸಲ ಆಗುತ್ತೆ ಎಣಿಸಿ. ಇಪ್ಪತ್ತರ ಹತ್ತಿರ ಆಗಬೇಕು. ತೀರಾ ಕಡಿಮೆಯಾದರೆ ನ್ಯೂರೋಸರ್ಜನ್‌ಗೆ ತೋರಿಸಿ. ಅಂಥವರು ಕಟಿಂಗ್ ಶಾಪಿನಲ್ಲಿ ಕತ್ತಿನ ಲಟಿಕೆ ತೆಗೆಸಿಕೊಳ್ಳುವುದು, ನೀವಿಸಿಕೊಳ್ಳುವುದು ಬೇಡವೇ ಬೇಡ.

ಈಗ ತಲೆಯ ವಿಷಯ. ಜೀವನದಲ್ಲೇ ಕಂಡಿರದಷ್ಟು ಜೋರು ತಲೆನೋವು ಒಂದೇ ಕ್ಷಣಕ್ಕೆ ಸಿಡಿದ ಹಾಗೆ ಬಂದರೆ ಮಿದುಳಿನ ರಕ್ತನಾಳ ಒಡೆದಿರಬಹುದು, ತಕ್ಷಣ ಸಿಟಿ ಸ್ಕ್ಯಾನ್ ಬೇಕು. ಬೆಳಗ್ಗೆ ಎದ್ದಾಗ ಜಾಸ್ತಿಯಾಗುವ ತಲೆನೋವು, ಜೊತೆಗೆ ವಾಂತಿ, ದೃಷ್ಟಿ ಮಂಜು, ಅಥವಾ ದೊಡ್ಡವರಾದ ಮೇಲೆ ಮೊದಲ ಸಲ ಫಿಟ್ಸ್, ಇವಕ್ಕೂ ಸ್ಕ್ಯಾನ್ ಆಗಲೇಬೇಕು. ಫಿಟ್ಸ್ ಬಂದರೆ ಕೈಗೆ ಬೀಗದ ಕೀ ಕೊಡೋದು, ಬಾಯಿಗೆ ಚಮಚ ತುರುಕೋದು ಬಿಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108. ಬಾಯಿ ಸೊಟ್ಟಗಾಗಿ, ಒಂದು ಕಡೆ ಕೈ ಬಿದ್ದು, ಮಾತು ತೊದಲಿದರೆ ಅದು ಸ್ಟ್ರೋಕ್. ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್, ಈ ಲಕ್ಷಣಗಳು ಶುರುವಾದ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಹಾಗಾಗಿ ಕೊನೇ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಅಂತ ನೆನಪಿಟ್ಟುಕೊಂಡು ಹೇಳಿ.

ನನಗೆ ಜಾಸ್ತಿ ಸಂಕಟ ಆಗೋದು ವಯಸ್ಸಾದವರ ವಿಷಯದಲ್ಲಿ. ತಾತ ಬಚ್ಚಲಲ್ಲಿ ಜಾರಿ ತಲೆ ತಗುಲಿಸಿಕೊಂಡಿರುತ್ತಾರೆ. ರಕ್ತ ಬಂದಿರೋದಿಲ್ಲ, ಎಲ್ಲರೂ ಮರೆತಿರುತ್ತಾರೆ. ಮೂರ್ನಾಲ್ಕು ವಾರ ಆದಮೇಲೆ ಮಂಕಾಗುತ್ತಾರೆ, ನಡಿಗೆ ವಾಲುತ್ತದೆ, ಊಟ ಮಾಡಿದ್ದನ್ನೇ ಮರೆಯುತ್ತಾರೆ. ಅರವತ್ತಕ್ಕೆ ಅರಳು ಮರಳು ಅಂತ ಮನೆಯವರು ಬಿಟ್ಟುಬಿಡುತ್ತಾರೆ. ಇದು ಮಿದುಳಿನ ಮೇಲೆ ನಿಧಾನಕ್ಕೆ ರಕ್ತ ಸೇರಿಕೊಂಡು ಅಮುಕುತ್ತಿರೋದು ಇರಬಹುದು, ಎಕೋಸ್ಪ್ರಿನ್ ಥರದ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಲ್ಲಿ ಇನ್ನೂ ಹೆಚ್ಚು. ಒಂದು ಸಿಟಿ ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆ. ಬುರುಡೆಗೆ ಸಣ್ಣ ರಂಧ್ರ ಮಾಡಿ ರಕ್ತ ಹೊರಗೆ ಬಿಟ್ಟರೆ ಎಷ್ಟೋ ಜನ ಮೊದಲಿನಂತಾಗುತ್ತಾರೆ. ದಿಢೀರ್ ಅಂತ ಬಂದ ಮರೆವನ್ನು ವಯಸ್ಸಿನ ಮೇಲೆ ಹಾಕಬೇಡಿ.

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು ಮೊದಲು ಚೆನ್ನಾಗಿ ಮಾತಾಡಿ, ಕೆಲವು ಗಂಟೆ ಬಿಟ್ಟು ಮಂಪರಿಗೆ ಹೋಗಬಹುದು. ಮತ್ತೆ ಮತ್ತೆ ವಾಂತಿ, ಮಂಪರು ಕಂಡರೆ ನಿದ್ದೆ ಮಾಡಲಿ ಅಂತ ಬಿಡಬೇಡಿ. ನೀರು ಕುಡಿಸಬೇಡಿ, ಕತ್ತು ಅಲ್ಲಾಡಿಸಬೇಡಿ. ದಿನಪೂರ್ತಿ ಸಿಟಿ ಸ್ಕ್ಯಾನ್ ಮತ್ತು ನ್ಯೂರೋಸರ್ಜನ್ ಇರುವ ಆಸ್ಪತ್ರೆ ನಿಮ್ಮ ಊರಿಗೆ ಹತ್ತಿರದಲ್ಲಿ ಯಾವುದು ಅಂತ ಇವತ್ತೇ ವಿಚಾರಿಸಿಟ್ಟುಕೊಳ್ಳಿ, ಅಲೆಯೋದರಲ್ಲೇ ಹೊತ್ತು ಹೋಗುತ್ತದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ತೊಂದರೆ ಆಗದ ಹಾಗೆ ಕರ್ನಾಟಕದಲ್ಲಿ 2016ರ ಕಾನೂನೇ ಇದೆ, ಹೆದರಬೇಡಿ.

ತುರ್ತು ಅಲ್ಲದಿದ್ದರೆ ತಯಾರಿ ಮಾಡಿಕೊಂಡು ಹೋಗಿ. ಎಂಆರ್‌ಐ ಫಿಲ್ಮು, ಸಿಡಿ ಎರಡೂ ಬೇಕು, ಬರೀ ರಿಪೋರ್ಟ್ ಸಾಲದು, ಸರ್ಜನ್ ಚಿತ್ರವನ್ನೇ ನೋಡುತ್ತಾರೆ. ಹಳೇ ಚೀಟಿಗಳನ್ನು ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿ ಜೋಡಿಸಿ. ತೊಂದರೆ ಯಾವಾಗ ಶುರು, ಎಲ್ಲಿಂದ ಎಲ್ಲಿಗೆ ಎಳೆಯುತ್ತೆ, ಎಷ್ಟು ದೂರ ನಡೆದರೆ ಕೂರಬೇಕು ಅನ್ನಿಸುತ್ತೆ, ಯಾವ ಮಾತ್ರೆ ನಡೀತಿದೆ, ಅರ್ಧ ಪುಟದಲ್ಲಿ ಬರೆದುಕೊಳ್ಳಿ. ಪೇಸ್‌ಮೇಕರ್ ಇದ್ದರೆ ಸ್ಕ್ಯಾನಿಗೆ ಮುಂಚೆಯೇ ಹೇಳಬೇಕು.

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಹೆಸರು ಕೇಳಿ ಅದು ಮಾನಸಿಕ ರೋಗಿಗಳಿಗೆ ಮಾತ್ರ ಅಂದುಕೊಂಡು ಹೋಗದೇ ಇರುವವರು ಈಗಲೂ ಇದ್ದಾರೆ. ಮಿದುಳು, ಬೆನ್ನುಹುರಿಯ ಆಪರೇಷನ್‌ಗೆ ಅದು ದೇಶದ ದೊಡ್ಡ ಕೇಂದ್ರಗಳಲ್ಲಿ ಒಂದು. ತುರ್ತು ವಿಭಾಗ 24 ಗಂಟೆಯೂ ತೆರೆದಿರುತ್ತದೆ. ಜನ ಜಾಸ್ತಿ, ಒಪಿಡಿಗೆ ಬೆಳಗ್ಗೆ ಬೇಗ ಹೋಗಿ, ಜೊತೆಗೆ ಒಬ್ಬರು ಇರಲಿ.

ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದ 30 ಪರ್ಸೆಂಟ್, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದ ದೊಡ್ಡ ಆಪರೇಷನ್‌ಗಳಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಕೇಳುತ್ತಾರೆ. ಅಡ್ಮಿಟ್ ಆಗೋ ಮುಂಚೆಯೇ ಆಸ್ಪತ್ರೆಯಲ್ಲಿ ಈ ಯೋಜನೆಗೆ ಸಹಾಯ ಮಾಡುವ ಆರೋಗ್ಯಮಿತ್ರರ ಹತ್ತಿರ ಹೋಗಿ ವಿಚಾರಿಸಿ, ದುಡ್ಡು ಕಟ್ಟಿದ ಮೇಲೆ ಕೇಳಿದರೆ ಕಷ್ಟ.

ಸರ್ಜನ್ ಮುಂದೆ ಕೂತಾಗ ಮೊದಲ ಪ್ರಶ್ನೆ ಇದಿರಲಿ: ಆಪರೇಷನ್ ಮಾಡಿಸದಿದ್ದರೆ ಏನಾಗುತ್ತೆ ಸಾರ್? ಇನ್ನು ಆರು ವಾರ ಕಾದರೆ ನಷ್ಟ ಇದೆಯಾ? ಡಿಸ್ಕಿನ ಆಪರೇಷನ್ ಕಾಲಿನ ಎಳೆತವನ್ನು ಕಡಿಮೆ ಮಾಡುವಷ್ಟು ಬೆನ್ನಿನ ನೋವನ್ನು ಕಡಿಮೆ ಮಾಡೋದಿಲ್ಲ. ನಿಮಗೆ ಕಾಡುತ್ತಿರೋದು ಯಾವುದು ಅಂತ ಸ್ಪಷ್ಟವಾಗಿ ಹೇಳಿ. ಸ್ಕ್ರೂ, ರಾಡ್ ಹಾಕಬೇಕು ಅಂದರೆ ಯಾಕೆ ಅಂತ ಕೇಳಿ, ಬರೀ ಡಿಸ್ಕ್ ತೆಗೆದರೆ ಸಾಲದಾ ಅಂತಲೂ ಕೇಳಿ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ತಗೊಳ್ಳೋದು ಅವಮಾನ ಮಾಡಿದ ಹಾಗಲ್ಲ, ಒಳ್ಳೇ ಸರ್ಜನ್‌ಗಳೇ ತಗೊಳ್ಳಿ ಅನ್ನುತ್ತಾರೆ. ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ, ಯಾವತ್ತು ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ.

ಮನೆಗೆ ಬಂದ ಮೇಲೆ ಜ್ವರ, ಗಾಯದಿಂದ ಅಥವಾ ಮೂಗಿನಿಂದ ನೀರಿನಂಥ ದ್ರವ, ಒಂದೇ ಮೀನಖಂಡದಲ್ಲಿ ಊತ, ಹೊಸದಾಗಿ ಕೈಕಾಲು ಸೋಲುವುದು, ಇವಕ್ಕೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಫಿಟ್ಸ್ ಮಾತ್ರೆ ಒಂದು ದಿನವೂ ತಪ್ಪಬಾರದು. ಮೇಲೆತ್ತಲಾಗದೆ ಜೋತುಬಿದ್ದ ಪಾದಕ್ಕೆ ಶಕ್ತಿ ಬರೋಕೆ ತಿಂಗಳುಗಳೇ ಹಿಡಿಯಬಹುದು, ಫಿಸಿಯೋಥೆರಪಿ ನಡುವೆ ಬಿಡಬೇಡಿ. ಮಿದುಳಿನ ಗಡ್ಡೆ ತೆಗೆದಿದ್ದರೆ ಬಯಾಪ್ಸಿ ರಿಪೋರ್ಟ್ ಎಷ್ಟೋ ಸಲ ಡಿಸ್ಚಾರ್ಜ್ ಆದಮೇಲೆ ಬರುತ್ತದೆ. ಆಪರೇಷನ್ ಆಯ್ತಲ್ಲ ಅಂತ ಅದನ್ನು ಅಲ್ಲೇ ಬಿಡಬೇಡಿ. ರೇಡಿಯೇಷನ್ ಬೇಕಾ, ಬೇಡವಾ ಅಂತ ನಿರ್ಧಾರ ಆಗೋದು ಅದರ ಮೇಲೆ. ಅದನ್ನು ಇಸಿದುಕೊಂಡು, ಆಪರೇಷನ್ ಮಾಡಿದವರಿಗೇ ತೋರಿಸಿ, ಮುಂದಿನ ಸ್ಕ್ಯಾನಿನ ತಾರೀಖು ಬರೆಸಿಕೊಂಡು ಬನ್ನಿ.