ಕೆರೆಗೆ ಇಳಿಯದೆ ಪುಂಡಿ ನಾರು: ಬ್ಯಾಕ್ಟೀರಿಯಾ ಪುಡಿ ಬಳಸಿದ ನನ್ನ ಅನುಭವ

ನಮ್ಮ ಶಿರಾ ಕಡೆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿಯ ನಡುವೆ ಬೇರೆ ಬೆಳೆಗೆ ಬಿಡುವ ಸಾಲಿನಲ್ಲಿ, ಅವರೆ, ಹುಚ್ಚೆಳ್ಳಿನ ಜೊತೆ ಪುಂಡಿಯೂ ಇರುತ್ತಿತ್ತು. ಸೊಪ್ಪು ಸಾರಿಗೆ, ನಾರು ಹಗ್ಗಕ್ಕೆ. ಪ್ಲಾಸ್ಟಿಕ್ ಹಗ್ಗ ಬಂದ ಮೇಲೆ ನಾರು ತೆಗೆಯುವವರು ಕಡಿಮೆಯಾದರು. ಇನ್ನೊಂದು ಕಾರಣ ನೀರು. ನಾರು ಬಿಡಬೇಕಾದರೆ ಪುಂಡಿ ಕಡ್ಡಿಯನ್ನು ನೀರಿನಲ್ಲಿ ಮುಳುಗಿಸಿ ಕೊಳೆಹಾಕಬೇಕು, ಅದಕ್ಕೆ ಕೆರೆಯಲ್ಲಿ ನೀರಿರಬೇಕು. ಇದ್ದ ವರ್ಷವೂ ಊರವರು ಬೇಡ ಅಂತಾರೆ. ಕಡ್ಡಿ ಕೊಳೆಯುವಾಗ ನೀರಿನ ಆಮ್ಲಜನಕ ಕಮ್ಮಿಯಾಗಿ ಮೀನು ಸಾಯುತ್ತವೆ, ವಾಸನೆ ಬೇರೆ. ಅವರು ಹೇಳೋದು ಸರಿಯೇ ಅಲ್ವಾ?

ಕಣ್ಣಿ, ಮೂಗುದಾರ, ನೆಲುವು ಮಾಡಿ ಸಂತೆಯಲ್ಲಿ ಮಾರುವುದು ನಮ್ಮ ಮನೆ ಕೆಲಸ. ನಾರು ಬೇಕೇ ಬೇಕು. ಅದಕ್ಕೇ ಹೊಲದಲ್ಲೇ ಗುಂಡಿ ತೋಡಿ, ಟಾರ್ಪಾಲು ಹಾಸಿ, ಬೋರ್‌ವೆಲ್ ನೀರು ತುಂಬಿಸಿ, ಬ್ಯಾಕ್ಟೀರಿಯಾ ಪುಡಿ ಹಾಕಲು ಶುರು ಮಾಡಿದೆ.

ಪುಡಿಯ ಹೆಸರು ಕ್ರೈಜಾಫ್ ಸೋನಾ. ಪಶ್ಚಿಮ ಬಂಗಾಳದ ಬ್ಯಾರಕ್‌ಪುರದಲ್ಲಿರುವ ಕೇಂದ್ರ ಸರ್ಕಾರದ ಸೆಣಬು ಸಂಶೋಧನಾ ಸಂಸ್ಥೆ ಇದನ್ನು ಸೆಣಬು ಮತ್ತು ಪುಂಡಿಗಾಗಿ ತಯಾರು ಮಾಡಿದೆ. ಬ್ಯಾಸಿಲಸ್ ಪ್ಯುಮಿಲಸ್ ಅನ್ನುವ ಬ್ಯಾಕ್ಟೀರಿಯಾದ 3 ತಳಿಗಳನ್ನು ಟಾಲ್ಕ್ ಪುಡಿಯಲ್ಲಿ ಬೆರೆಸಿರುತ್ತಾರೆ. ಕಡ್ಡಿಯಲ್ಲಿ ನಾರನ್ನು ಹಿಡಿದಿಟ್ಟಿರುವ ಅಂಟು ಪೆಕ್ಟಿನ್. ಈ ಬ್ಯಾಕ್ಟೀರಿಯಾ ಆ ಅಂಟನ್ನು ಕರಗಿಸುತ್ತವೆ, ನಾರಿನ ಸೆಲ್ಯುಲೋಸ್ ತಂಟೆಗೆ ಹೋಗುವುದಿಲ್ಲ. ಕೆರೆ ನೀರಿನಲ್ಲಿ ಒಳ್ಳೆಯವೂ ಇರುತ್ತವೆ, ನಾರನ್ನೇ ತಿನ್ನುವವೂ ಇರುತ್ತವೆ. ಇಲ್ಲಿ ಬೇಕಾದವನ್ನೇ ಆರಿಸಿ ಹೆಚ್ಚು ಸಂಖ್ಯೆಯಲ್ಲಿ ಬಿಡುತ್ತೇವೆ. ಸಾಮಾನ್ಯವಾಗಿ 18ರಿಂದ 21 ದಿನ ಹಿಡಿಯುವ ಕೆಲಸ 12ರಿಂದ 15 ದಿನಕ್ಕೆ ಇಳಿಯುತ್ತದೆ ಅನ್ನುವುದು ಸಂಸ್ಥೆಯ ಲೆಕ್ಕ.

ಗಿಡ ಅರ್ಧದಷ್ಟು ಹೂ ಬಿಟ್ಟಾಗ ಕೊಯ್ಯುತ್ತೇನೆ. ಬೀಜ ಬಲಿಯಲಿ ಅಂತ ಕಾದರೆ ನಾರು ಒರಟಾಗುತ್ತದೆ. ಕಟ್ಟು ಕಟ್ಟಿ ಮೂರ್ನಾಲ್ಕು ದಿನ ಹೊಲದಲ್ಲೇ ಬಿಟ್ಟರೆ ಎಲೆ ತಾನೇ ಉದುರುತ್ತದೆ. ಆಮೇಲೆ ಬುಡದ ಭಾಗ ಮಾತ್ರ ಮುಳುಗುವಂತೆ ಕಟ್ಟುಗಳನ್ನು ನೀರಿನಲ್ಲಿ ಎರಡು ದಿನ ನಿಲ್ಲಿಸುತ್ತೇನೆ. ಬುಡ ದಪ್ಪ, ತುದಿ ಸಣ್ಣ. ಒಟ್ಟಿಗೆ ಮಲಗಿಸಿದರೆ ಬುಡ ಬಿಡುವಷ್ಟರಲ್ಲಿ ತುದಿ ಮೆತ್ತಗಾಗಿ ಹೋಗಿರುತ್ತದೆ.

ಮಲಗಿಸುವಾಗ ಒಂದು ಪದರ ಕಡ್ಡಿ, ಅದರ ಮೇಲೆ ಪುಡಿ, ಮತ್ತೆ ಕಡ್ಡಿ. ಮೇಲೆ ಭಾರಕ್ಕೆ ಮರಳು ತುಂಬಿದ ಸಿಮೆಂಟ್ ಚೀಲ. ಹೆಂಟೆ ಮಣ್ಣು, ಬಾಳೆದಿಂಡು ಬೇಡವೇ ಬೇಡ, ನಾರು ಕಪ್ಪಾಗುತ್ತದೆ. ಅದೇ ನೀರಿಗೆ ಎರಡನೇ ಸಲ ಕಡ್ಡಿ ಹಾಕುವಾಗ ಅರ್ಧ ಪುಡಿ ಸಾಕು, ಬ್ಯಾಕ್ಟೀರಿಯಾ ನೀರಿನಲ್ಲೇ ಇರುತ್ತವಲ್ಲ.

ನಮ್ಮಲ್ಲಿ ಒಂದು ತೊಡಕಿದೆ. ಪುಂಡಿ ಹೂ ಬಿಡುವುದು ಹಗಲು ಕಿರಿದಾದ ಮೇಲೆ. ಅಂದರೆ ಕಡ್ಡಿ ನೀರಿಗೆ ಬೀಳುವ ಹೊತ್ತಿಗೆ ರಾಗಿ ಕೊಯ್ಲಿನ ಚಳಿ ಬಂದಿರುತ್ತದೆ. ಈ ಬ್ಯಾಕ್ಟೀರಿಯಾಗಳಿಗೆ 34 ಡಿಗ್ರಿ ಆಸುಪಾಸಿನ ಬೆಚ್ಚಗಿನ ನೀರು ಇಷ್ಟ. ಹಾಗಾಗಿ ಬಿಸಿಲು ಬೀಳುವ ಕಡೆಯೇ ಗುಂಡಿ ತೋಡಬೇಕು. ಸಂಜೆ ಕಪ್ಪು ಶೀಟು ಮುಚ್ಚಿ ಬೆಳಿಗ್ಗೆ ತೆಗೆಯುತ್ತೇನೆ. ಆದರೂ ಬಂಗಾಳದ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿಯೇ ಹಿಡಿಯುತ್ತದೆ.

ಎಲ್ಲಕ್ಕಿಂತ ಮುಖ್ಯ, ಯಾವಾಗ ಎತ್ತಬೇಕು ಅನ್ನುವುದು. ಪುಡಿ ಹಾಕಿದರೆ ಕೆಲಸ ಬೇಗ ನಡೆಯುತ್ತದೆ, ಆದರೆ ತಾನಾಗಿ ನಿಲ್ಲುವುದಿಲ್ಲ. ಗುಂಡಿಯಲ್ಲಿ ಬೇರೆ ಸೂಕ್ಷ್ಮಜೀವಿಗಳೂ ಬೆಳೆದಿರುತ್ತವೆ. ಹತ್ತನೇ ದಿನದಿಂದ ದಿನಾ ನೋಡುತ್ತೇನೆ. ಕಟ್ಟಿನ ಮಧ್ಯದಿಂದ ಒಂದು ಕಡ್ಡಿ ಎಳೆದು, ಬುಡದ ಹತ್ತಿರ ಹೆಬ್ಬೆರಳಿನಿಂದ ಒತ್ತಿ ಜಾರಿಸುತ್ತೇನೆ. ಸಿಪ್ಪೆ ಕಡ್ಡಿಯಿಂದ ಪಟ್ಟಿಯಾಗಿ ಬಿಟ್ಟುಬಂದು, ಕೈಯಲ್ಲಿ ಎಳೆಎಳೆಯಾಗಿ ಬಿಡಿಸಿಕೊಂಡರೆ ಅವತ್ತೇ ಎತ್ತಬೇಕು. ಪಟ್ಟಿ ಬಂದರೂ ಎಳೆ ಬಿಡಿಸದಿದ್ದರೆ ಇನ್ನೊಂದು ದಿನ. ಎಳೆದಾಗ ಪುಟ್ಟನೆ ಹರಿದರೆ ಹೊತ್ತು ಮೀರಿದೆ ಅಂತ. ಪಕ್ಕದ ಹೊಲದ ಅಜ್ಜ ಇದನ್ನು ಮೂಗಿನಿಂದಲೇ ಹೇಳುತ್ತಾರೆ. "ನಾಳೆಗೆ ಬಿಡಬೇಡ ಕಣಪ್ಪ, ಇವತ್ತೇ ಸುಲಿ" ಅಂದರೆ ಸುಲಿಯಲೇಬೇಕು, ಅಷ್ಟು ಖಚಿತ.

ಸುಲಿದ ನಾರನ್ನು ಚೆನ್ನಾಗಿ ತೊಳೆದು ಬಿದಿರಿನ ಮೇಲೆ ಒಣಹಾಕುತ್ತೇವೆ. ನೆಲಕ್ಕೆ ಹಾಕಬಾರದು, ಮಣ್ಣು ಹಿಡಿಯುತ್ತದೆ. ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ತೊಗಟೆಯ ಒಗರಿನ ಜೊತೆ ಸೇರಿ ನಾರು ಬೂದುಗಪ್ಪಾಗುತ್ತದೆ. ಅದಕ್ಕೆ ಮದ್ದು ಹುಣಸೆಹಣ್ಣು. 40 ಲೀಟರ್ ನೀರಿಗೆ ಒಂದು ಕೆಜಿಯಷ್ಟು ಹುಣಸೆ ಕಿವುಚಿ, ಆ ನೀರಿನಲ್ಲಿ ನಾರು ನೆನೆಸಿ ತೆಗೆದರೆ ಹೊಳಪು ಬರುತ್ತದೆ. ಬಂಗಾಳದ ಸೆಣಬು ರೈತರೂ ಹೀಗೇ ಮಾಡುತ್ತಾರೆ. ತುಮಕೂರು ಜಿಲ್ಲೆಯಲ್ಲಿ ಹುಣಸೆಗೇನು ಬರ! ಆಮೇಲೆ ಒಳ್ಳೆಯ ನೀರಿನಲ್ಲಿ ಜಾಲಾಡಿಸಲೇಬೇಕು, ಹುಳಿ ಉಳಿದರೆ ನಾರು ಸೊರಗುತ್ತದೆ.

ಗುಂಡಿಯ ನೀರನ್ನು ಕೊನೆಗೆ ತೆಂಗಿನ ಪಾತಿಗೆ ಬಿಡುತ್ತೇನೆ, ಹಳ್ಳಕ್ಕೂ ಅಲ್ಲ, ಕೆರೆಗೂ ಅಲ್ಲ. ಒಣಗಿದ ಪುಂಡಿ ಕಡ್ಡಿ ಒಲೆಗೆ. ನಾರು ಮೊದಲಿಗಿಂತ ಮೆತ್ತಗಿದೆ, ಬುಡದ ಕಡೆ ಸಿಪ್ಪೆ ಅಂಟಿಕೊಳ್ಳುವುದು ಕಡಿಮೆಯಾಗಿದೆ. ಹುರಿ ಹೊಸೆಯುವಾಗ ಅಂಗೈ ಉರಿಯುವುದಿಲ್ಲ ಅಂತ ಮನೆಯಾಕೆ ಹೇಳುತ್ತಾಳೆ. ಅಕ್ಕಡಿಯಲ್ಲಿ ಪುಂಡಿ ಬಿಟ್ಟವರು ಈ ಮುಂಗಾರಿಗೆ ಎರಡು ಸಾಲಾದರೂ ಹಾಕಿ. ಗುಂಡಿ ತೋಡುವಾಗ ಹೇಳಿಕಳಿಸಿ, ಬಂದು ನೋಡುತ್ತೇನೆ.