ಸ್ಕಾಟ್ಲೆಂಡಿನ ದ್ವೀಪವರ್ಣನೆಗಳನ್ನು ಕೈಫಿಯತ್ತಿನಂತೆ ಓದುವ ಬಗೆ

ಚಿತ್ರದುರ್ಗದ ಪಾಳೆಯಗಾರರ ಚರಿತ್ರೆ ಓದಿದವರಿಗೆ ಕಾಲಿನ್ ಮೆಕೆಂಜಿ ಹೊಸಬನಲ್ಲ. ಊರೂರಿನ ಕೈಫಿಯತ್ತುಗಳನ್ನು, ಅಂದರೆ ಸ್ಥಳೀಯರು ಹೇಳಿದ ಊರಿನ ಚರಿತ್ರೆ ವಿವರಗಳನ್ನು, ಬರೆಯಿಸಿ ಕೂಡಿಟ್ಟ ಆ ಸರ್ವೇ ಅಧಿಕಾರಿ ಹುಟ್ಟಿದ್ದು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ. ಅವನ ತವರಿನ ದ್ವೀಪಗಳು, ಕೋಟೆಗಳು, ಜಮೀನುಗಳ ಬಗೆಗೂ ಅಂಥವೇ ಹಳೆಯ ಬರಹಗಳಿದ್ದು, ಕೈಫಿಯತ್ತು ಓದಿ ಪಳಗಿದವರು ಅವುಗಳೊಳಗೆ ಸುಲಭವಾಗಿ ಇಳಿಯಬಹುದು.

ಮೊದಲು ಬರೆದವನು ಯಾರ ಆಶ್ರಯದಲ್ಲಿದ್ದ ಎಂಬುದನ್ನು ಗೊತ್ತುಮಾಡಿಕೊಳ್ಳಿ. 1549ರಲ್ಲಿ ಪಶ್ಚಿಮ ದ್ವೀಪಗಳನ್ನು ವರ್ಣಿಸಿದ ಡೊನಾಲ್ಡ್ ಮನ್ರೊ ಚರ್ಚಿನ ಅಧಿಕಾರಿ. ದ್ವೀಪದ ಉದ್ದವೆಷ್ಟು, ಸಾಗುವಳಿ ಉಂಟೇ, ಚರ್ಚು ಕೋಟೆಗಳಿವೆಯೇ, ಒಡೆಯನಾರು ಎಂದಷ್ಟೇ ಹೇಳಿ ಮುಂದಿನ ದ್ವೀಪಕ್ಕೆ ದಾಟುತ್ತಾನೆ. ನನಗಂತೂ ಈ ಚುಟುಕುತನವೇ ಹೆಚ್ಚು ನಂಬುಗೆ ಹುಟ್ಟಿಸುತ್ತದೆ. 1703ರಲ್ಲಿ ಪುಸ್ತಕ ಪ್ರಕಟಿಸಿದ ಮಾರ್ಟಿನ್ ಮಾರ್ಟಿನ್ ಸ್ಕೈ ದ್ವೀಪದವನು, ಅಲ್ಲಿನ ಜನರ ನುಡಿಯಾದ ಗೇಲಿಕ್ ಬಲ್ಲವನು. ಆದುದರಿಂದ ಜನರ ಆಚಾರ, ರೋಗ, ಮನೆಮದ್ದುಗಳ ವಿಚಾರದಲ್ಲಿ ಅವನಿಗೆ ಸಾಟಿಯಿಲ್ಲ. ಆದರೆ ಅವನು ಮ್ಯಾಕ್ಲಿಯಡ್ ಒಡೆಯರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವನು. ಆ ಮನೆತನವನ್ನು ಹೊಗಳುವ ಸಾಲುಗಳನ್ನು ಓದುವಾಗ ಇದು ನೆನಪಿರಲಿ.

ಎರಡನೆಯದಾಗಿ, ಬರೆದವನು ಕಂಡದ್ದೆಷ್ಟು, ಕೇಳಿದ್ದೆಷ್ಟು ಎಂದು ಬೇರ್ಪಡಿಸಿ. ಐಲಾ ದ್ವೀಪದ ಫಿನ್‌ಲಾಗನ್ ಸರೋವರದ ನಡುಗಡ್ಡೆಯಲ್ಲಿ ದ್ವೀಪಾಧಿಪತಿಗಳ, ಅಂದರೆ ಹಿಂದೆ ಪಶ್ಚಿಮ ದ್ವೀಪಗಳನ್ನು ಆಳಿದ ಒಡೆಯರ, ಸಭೆ ಕೂಡುತ್ತಿದ್ದ ಬಗೆಯನ್ನು ಮನ್ರೊ ವಿವರಿಸುತ್ತಾನೆ. ಆದರೆ ಆ ಅಧಿಪತ್ಯ 1493ರಲ್ಲೇ ರಾಜನ ವಶವಾಗಿತ್ತು. ಅಂದರೆ ಅದು ಅರ್ಧ ಶತಮಾನ ದಾಟಿ ಬಂದ ನೆನಪು, ಮದಕರಿ ನಾಯಕನ ಕಾಲ ಮುಗಿದ ಮೇಲೆ ದುರ್ಗದ ಹಿರಿಯರು ಹೇಳಿ ಬರೆಯಿಸಿದಂತೆ.

ಮರ್ಕ್‌ಲ್ಯಾಂಡ್, ಪೆನ್ನಿಲ್ಯಾಂಡ್ ಎಂದು ಈ ಬರಹಗಳಲ್ಲಿ ಬರುವ ಭೂಮಿಯ ಲೆಕ್ಕಗಳನ್ನು ಎಕರೆಗೆ ಇಳಿಸಲು ಹೋಗಬೇಡಿ. ಅವು ಭೂಮಿಗೆ ಕಟ್ಟಿದ ಬೆಲೆಯ ಲೆಕ್ಕಗಳೇ ಹೊರತು ವಿಸ್ತೀರ್ಣದವಲ್ಲ; ನಮ್ಮಲ್ಲಿ ಖಂಡುಗ ಬಿತ್ತನೆಯ ಹೊಲ ಎಂದರೆ ಮಣ್ಣಿಗೆ ತಕ್ಕಂತೆ ಅಗಲ ಬದಲಾಗುವ ಹಾಗೆಯೇ ಇಲ್ಲಿಯೂ ಒಂದೇ ಅಂಕಿ ಒಂದೇ ಅಳತೆಯ ನೆಲವನ್ನು ಸೂಚಿಸುವುದಿಲ್ಲ.

1791ರಿಂದ 1799ರವರೆಗೆ ಜಾನ್ ಸಿಂಕ್ಲೇರ್ ಹೊರತಂದ 21 ಸಂಪುಟಗಳ ಅಂಕಿಅಂಶ ವರದಿಗಾಗಿ ಅವನು ಕೇಳಿದ ಪ್ರಶ್ನೆಗಳಿಗೆ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಪಾದ್ರಿಗಳೇ ಉತ್ತರ ಬರೆದರು. ಅವರ ಸಂಬಳ ಭೂಮಾಲೀಕರಿಂದ ಬರುತ್ತಿದ್ದುದರಿಂದ ಗೇಣಿಯ ಮಾತು ಬಂದಲ್ಲಿ ನಿಧಾನಿಸಿ ಓದಿ.

ಹಳೆಯ ಮುದ್ರಣದ ಉದ್ದನೆಯ ಎಸ್ ಅಕ್ಷರ ಎಫ್‌ನಂತೆ ಕಾಣುವುದರಿಂದ ಸ್ಕ್ಯಾನ್ ಪ್ರತಿಗಳಲ್ಲಿ ಪದ ಹುಡುಕುವಾಗ ಎರಡೂ ಅಕ್ಷರಗಳನ್ನು ಹಾಕಿ ನೋಡಿ. ಒಂದೇ ದ್ವೀಪದಿಂದ, ಉದಾಹರಣೆಗೆ ಐಲಾದಿಂದ, ಆರಂಭಿಸಿ: ಮನ್ರೊ, ಮಾರ್ಟಿನ್, ಪಾದ್ರಿಗಳ ವರದಿ ಮೂರನ್ನೂ ಪಕ್ಕದಲ್ಲಿಟ್ಟುಕೊಂಡು, 1654ರ ಬ್ಲಾವ್ ಅಟ್ಲಾಸಿನ ಪಟದಲ್ಲಿ ಊರಿನ ಹೆಸರುಗಳನ್ನು ಒಂದೊಂದಾಗಿ ಗುರುತು ಹಾಕುತ್ತ ಹೋಗಿ, ಆ ಪಟ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ.