ಕಂಡ ಗೆರೆ, ಊಹಿಸಿದ ಗೆರೆ: ಹಳೆಯ ಪ್ರಾಣಿಚಿತ್ರಗಳನ್ನು ಕೊರೆದ ನನ್ನ ಅನುಭವ

ಹಳೆಯ ಪ್ರಾಣಿಚಿತ್ರಗಳನ್ನು ಪುಸ್ತಕಗಳಲ್ಲಿ ಎಷ್ಟೋ ಸಲ ನೋಡಿದ್ದರೂ, ಅವುಗಳಲ್ಲಿ ಚಿತ್ರಕಾರ ಕಣ್ಣಾರೆ ಕಂಡದ್ದೆಷ್ಟು, ಊಹಿಸಿ ತುಂಬಿದ್ದೆಷ್ಟು ಎಂಬ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು, ಅವುಗಳನ್ನು ಲಿನೋಲಿಯಂ ಎಂಬ ನೆಲಹಾಸಿನ ತುಂಡಿನ ಮೇಲೆ ಉಳಿಯಿಂದ ಕೊರೆದು ನಕಲು ಮಾಡತೊಡಗಿದ ಮೇಲೆ. ಈ ಕೆಲಸದಲ್ಲಿ ಬಿಳಿಯಾಗಿ ಕಾಣಬೇಕಾದುದನ್ನೆಲ್ಲ ಕೊರೆದು ತೆಗೆಯಬೇಕು. ಕೊರೆಯದೆ ಬಿಟ್ಟ ಮೇಲ್ಮೈಗೆ ಮಾತ್ರ ಮಸಿ ಹತ್ತಿ, ಒತ್ತಿದ ಕಾಗದದ ಮೇಲೆ ಅಚ್ಚಾಗುತ್ತದೆ. ಒಂದು ಕಪ್ಪು ಗೆರೆ ಮೂಡಬೇಕಾದರೆ ಅದರ ಎರಡೂ ಬದಿಯನ್ನು ಕೊರೆಯಬೇಕಾದ್ದರಿಂದ, ಆ ಗೆರೆ ಅಲ್ಲೇಕಿದೆ ಎಂದು ಕೇಳಿಕೊಳ್ಳದೆ ಕೈ ಮುಂದೆ ಸಾಗುವುದಿಲ್ಲ.

ಮೊದಲು ಕೊರೆದದ್ದು ಒಂದು ಬಸವನಹುಳುವಿನ ಚಿಪ್ಪನ್ನು. ತುದಿಯನ್ನು ಮೇಲೆ ಮಾಡಿ ಬಾಯಿಯನ್ನು ನಮ್ಮ ಕಡೆಗೆ ತಿರುಗಿಸಿ ಹಿಡಿದರೆ, ಬಹುಪಾಲು ಬಸವನಹುಳುಗಳ ಚಿಪ್ಪಿನ ಬಾಯಿ ಬಲಕ್ಕೆ ತೆರೆದಿರುತ್ತದೆ. ನಾನು ಕಂಡಂತೆಯೇ ಕೊರೆದೆ. ಕಾಗದವನ್ನು ಎತ್ತಿ ನೋಡಿದರೆ ಬಾಯಿ ಎಡಕ್ಕಿತ್ತು. ಅಚ್ಚಿನಲ್ಲಿ ಎಲ್ಲವೂ ಕನ್ನಡಿಯಂತೆ ತಿರುಗುತ್ತದೆ ಎಂಬ ಮೊದಲ ಪಾಠವನ್ನೇ ಮರೆತಿದ್ದೆ. ಡಚ್ ಚಿತ್ರಕಾರ ರೆಂಬ್ರಾಂಟ್ 1650ರಲ್ಲಿ ತಾಮ್ರದ ತಗಡಿನ ಮೇಲೆ ಮೂಡಿಸಿದ ಚಿಪ್ಪೂ ಹೀಗೆಯೇ ತಿರುಗಿ ಅಚ್ಚಾಗಿದೆ, ಆದರೆ ಅವನ ಸಹಿ ಮಾತ್ರ ನೆಟ್ಟಗಿದೆ ಎಂದು ಆಮೇಲೆ ತಿಳಿದಾಗ ಸ್ವಲ್ಪ ಸಮಾಧಾನವಾಯಿತು. ಅಂದಿನಿಂದ ಪಾರದರ್ಶಕ ಕಾಗದದ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಬರೆದು, ಅದನ್ನು ಮಗುಚಿಟ್ಟು, ಚಮಚದ ಬೆನ್ನಿನಿಂದ ಉಜ್ಜಿ ಚಿತ್ರವನ್ನು ಇಳಿಸಿಕೊಳ್ಳುತ್ತೇನೆ.

ಹೆಚ್ಚು ದಿನ ಹಿಡಿದದ್ದು ಜರ್ಮನ್ ಚಿತ್ರಕಾರ ಡ್ಯೂರರ್ 1515ರಲ್ಲಿ ರಚಿಸಿದ ಘೇಂಡಾಮೃಗದ ಮರದಚ್ಚು. ಗುಜರಾತಿನ ಸುಲ್ತಾನನ ಉಡುಗೊರೆಯಾಗಿ ಅದೇ ವರ್ಷದ ಮೇ ತಿಂಗಳಲ್ಲಿ ಲಿಸ್ಬನ್ ತಲುಪಿದ್ದ ಆ ಪ್ರಾಣಿಯನ್ನು ಡ್ಯೂರರ್ ನೋಡಿರಲೇ ಇಲ್ಲ. ಅಲ್ಲಿಂದ ಬಂದ ವರ್ಣನೆ ಮತ್ತು ಒಂದು ರೇಖಾಚಿತ್ರವೇ ಅವನಿಗಿದ್ದ ಆಧಾರ. ಹೆಗಲ ಮೇಲೆ ಅವನು ಕೂರಿಸಿದ ಪುಟ್ಟ ಕೊಂಬಿನ ಬಗ್ಗೆ ಎಲ್ಲರೂ ನಗುತ್ತಾರೆ. ನನ್ನ ಗಮನವನ್ನು ಹಿಡಿದದ್ದು ಕಾಲುಗಳು. ಚರ್ಮದ ಮಡಿಕೆಗಳನ್ನು ಕೊರೆಯುವಾಗ ಉಳಿ ಪ್ರತಿ ತಿರುವಿನಲ್ಲೂ ತಡವರಿಸುತ್ತಿತ್ತು, ಏಕೆಂದರೆ ಒಂದು ಮಡಿಕೆ ಇನ್ನೊಂದರಂತಿಲ್ಲ. ಅವು ಭಾರತದ ಘೇಂಡಾಮೃಗಕ್ಕೆ ನಿಜವಾಗಿಯೂ ಇರುವ ಮಡಿಕೆಗಳು, ರಕ್ಷಾಕವಚದ ತಗಡುಗಳಂತೆ ಬಿಗಿದುಕೊಂಡಿವೆ ಅಷ್ಟೆ. ಕಾಲಿಗೆ ಬಂದಾಗ ಹುರುಪೆಯ ಪಕ್ಕದಲ್ಲಿ ಹುರುಪೆ, ಒಂದೇ ಲಯದಲ್ಲಿ, ನೋಡದೆಯೂ ಕೊರೆಯಬಹುದಾಗಿತ್ತು. ಕೈ ಹೀಗೆ ಸರಾಗವಾಗಿ ಓಡುವ ಕಡೆ ಮೂಲ ಚಿತ್ರಕಾರನ ಕಣ್ಣೂ ಪ್ರಾಣಿಯ ಮೇಲಿರಲಿಲ್ಲ ಎಂಬ ಸಂಶಯ ನನಗೆ ಅಲ್ಲಿ ಹುಟ್ಟಿತು.

ಪ್ರಾಚೀನ ಪ್ರಾಣಿಗಳಲ್ಲಿ ಈ ಸಂಶಯ ಇಮ್ಮಡಿಯಾಗುತ್ತದೆ. 1825ರಲ್ಲಿ ಇಂಗ್ಲೆಂಡಿನ ವೈದ್ಯ ಮ್ಯಾಂಟೆಲ್ ಒಂದು ಡೈನೋಸಾರಿನ ಪಳೆಯುಳಿಕೆ ಹಲ್ಲುಗಳನ್ನು ನೋಡಿ ಅದಕ್ಕೆ ಇಗ್ವಾನೊಡಾನ್ ಎಂಬ ಹೆಸರಿಟ್ಟರು. ಆಮೇಲೆ ಸಿಕ್ಕ ಮೊನಚಾದ ಎಲುಬೊಂದನ್ನು ಮೂಗಿನ ಮೇಲೆ ಕೊಂಬಾಗಿ ಇಟ್ಟರು. 1854ರಲ್ಲಿ ಲಂಡನ್ನಿನ ಸಿಡನ್‌ಹ್ಯಾಮ್‌ನಲ್ಲಿ ತೆರೆದ ಉದ್ಯಾನಕ್ಕಾಗಿ ಶಿಲ್ಪಿ ವಾಟರ್‌ಹೌಸ್ ಹಾಕಿನ್ಸ್ ಮಾಡಿದ ದಪ್ಪ ಕಾಲಿನ ಇಗ್ವಾನೊಡಾನ್‌ಗಳ ಮೂಗಿನ ಮೇಲೆ ಆ ಕೊಂಬು ಇಂದಿಗೂ ಇದೆ. ಬೆಲ್ಜಿಯಂನ ಬೆರ್ನಿಸಾರ್ ಕಲ್ಲಿದ್ದಲ ಗಣಿಯಲ್ಲಿ 1878ರಲ್ಲಿ, 322 ಮೀಟರ್ ಆಳದಲ್ಲಿ, ಪೂರ್ಣ ಅಸ್ಥಿಪಂಜರಗಳು ಸಿಕ್ಕ ಮೇಲೆಯೇ ಅದು ಹೆಬ್ಬೆರಳಿನ ಮುಳ್ಳು ಎಂಬುದು ಖಚಿತವಾಯಿತು. ಅವುಗಳನ್ನು ಜೋಡಿಸಿದ ವಿಜ್ಞಾನಿ ಡೊಲ್ಲೊ ಕೊಂಬನ್ನು ಸರಿಪಡಿಸಿದರು, ಪ್ರಾಣಿಯನ್ನು ಮಾತ್ರ ಕಾಂಗರೂವಿನಂತೆ ಬಾಲದ ಮೇಲೆ ಒರಗಿಸಿ ನಿಲ್ಲಿಸಿದರು. ಎಲುಬಿನಂತೆ ಗಟ್ಟಿಯಾಗಿದ್ದ ಸ್ನಾಯುರಜ್ಜುಗಳು ಬಿಗಿದಿದ್ದ ಬಾಲ ಅಷ್ಟು ಬಾಗುವಂಥದ್ದಲ್ಲ.

ನಾನು ಸಿಡನ್‌ಹ್ಯಾಮ್‌ನ ಆಕೃತಿಯನ್ನು ಕೊಂಬಿನ ಸಮೇತ ಕೊರೆದೆ, ನಕಲನ್ನು ತಿದ್ದುವುದು ನಕಲಿನ ಕೆಲಸವಲ್ಲ ಎಂದು. ಜೊತೆಗಿಡಲು ಇನ್ನೊಂದು ತುಂಡಿನಲ್ಲಿ ಬಾಲವನ್ನು ನೇರವಾಗಿಸಿ, ಹೆಬ್ಬೆರಳಿಗೆ ಮುಳ್ಳು ಕೊಟ್ಟು ನನ್ನದೇ ಇಗ್ವಾನೊಡಾನ್ ಬರೆದುಕೊಂಡೆ. ಹೊಟ್ಟೆಯ ಮೇಲೆ ನಾಲ್ಕನೆಯ ಸಾಲಿನ ಹುರುಪೆ ಕೊರೆಯುತ್ತಿರುವಾಗ ಉಳಿ ತುಂಬ ಸರಾಗವಾಗಿ ಓಡುತ್ತಿರುವುದು ಅರಿವಿಗೆ ಬಂತು. ಆ ತುಂಡನ್ನು ಬದಿಗಿಟ್ಟು ಹೊಸದನ್ನು ತೆಗೆದುಕೊಂಡೆ. ಈಗಿರುವ ಅಚ್ಚಿನಲ್ಲಿ ಹೊಟ್ಟೆಯಿಂದ ತೊಡೆಯವರೆಗೆ ಒಂದು ಗೆರೆಯನ್ನೂ ಕೊರೆದಿಲ್ಲ; ಅಷ್ಟೂ ಭಾಗ ಬರಿಯ ಕಪ್ಪು.